ಮೀಸೆ ಚಿಗುರುವ ವಯಸ್ಸು: ಬ್ಲೇಡು, ಕ್ರೀಮು ಮುಟ್ಟೋ ಮುಂಚೆ ತಿಳಿದಿರಲಿ

ಎಂಟನೇ ಕ್ಲಾಸಿನ ಹುಡುಗ ಬಚ್ಚಲಲ್ಲಿ ಅಪ್ಪನ ರೇಜರ್ ಹಿಡಿದು ನಿಂತಿರುತ್ತಾನೆ. ಅದೇ ವಯಸ್ಸಿನ ಹುಡುಗಿ ತುಟಿ ಮೇಲಿನ ಕೂದಲಿಗೆ ನಾಚಿ ಶಾಲೆಗೆ ಹೋಗಲ್ಲ ಅಂತಾಳೆ. ಕೇಳೋಕೆ ಮಕ್ಕಳಿಗೆ ಸಂಕೋಚ, ಹೇಳೋಕೆ ದೊಡ್ಡವರಿಗೆ ಮುಜುಗರ. ಕೊನೆಗೆ ಸಲಹೆ ಮೊಬೈಲ್‌ನಲ್ಲಿ, ಔಷಧಿ ಅಂಗಡಿಯಲ್ಲಿ!

ಕೂದಲು ಯಾಕೆ ಬರುತ್ತೆ?

ಪ್ರೌಢಾವಸ್ಥೆ ಸಾಮಾನ್ಯವಾಗಿ ಹುಡುಗಿಯರಲ್ಲಿ 8ರಿಂದ 13, ಹುಡುಗರಲ್ಲಿ 9ರಿಂದ 14 ವರ್ಷದೊಳಗೆ ಶುರುವಾಗುತ್ತದೆ. ಆಗ ಆಂಡ್ರೋಜನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇವು ಗಂಡು, ಹೆಣ್ಣು ಇಬ್ಬರ ದೇಹದಲ್ಲೂ ಇರುತ್ತವೆ. ಇವುಗಳಿಂದ ಕಂಕುಳು, ಗುಪ್ತಾಂಗದ ಸುತ್ತ ನಯವಾದ ರೋಮ ದಪ್ಪಗೆ, ಕಪ್ಪಗೆ ಆಗುತ್ತದೆ. ಹುಡುಗರಿಗೆ ಮೀಸೆ ಮೊದಲು, ಗಡ್ಡ ಆಮೇಲೆ. ಯಾರಿಗೆ ಎಷ್ಟು ಅನ್ನೋದು ಬಹುಪಾಲು ವಂಶದಿಂದ ಬರುತ್ತೆ. ಪಕ್ಕದ ಮನೆ ಹುಡುಗನಿಗೆ ಹೋಲಿಸಿ ಚಿಂತೆ ಮಾಡೋದು ಬೇಡ.

ಬೋಳಿಸಿದ್ರೆ ದಪ್ಪ ಆಗುತ್ತಾ?

ಇಲ್ಲ. ಕೂದಲು ಬೆಳೆಯೋದು ಚರ್ಮದೊಳಗಿನ ಬೇರಿನಿಂದ. ಬ್ಲೇಡು ಬೇರನ್ನು ಮುಟ್ಟುವುದಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಒರಟು ಅನಿಸುತ್ತದೆ, ಅಷ್ಟೇ. ಆರೋಗ್ಯಕ್ಕಾಗಿ ಕೂದಲು ತೆಗೆಯಲೇಬೇಕು ಅಂತೇನೂ ಇಲ್ಲ. ದಿನಾ ಸ್ನಾನ ಮಾಡಿ, ಚೆನ್ನಾಗಿ ಒರೆಸಿಕೊಂಡು, ಒಣಗಿದ ಕಾಟನ್ ಒಳಉಡುಪು ಹಾಕಿದರೆ ಸಾಕು. ಕೂದಲು ತೆಗೆಯುವ ಕ್ರೀಮ್ ಬಳಸುವವರು ಮೊದಲ ದಿನ ಕೈಮೇಲೆ ಸ್ವಲ್ಪ ಹಚ್ಚಿ, ಉರಿ, ಗುಳ್ಳೆ ಬರುತ್ತಾ ನೋಡಬೇಕು.

ಡಾಕ್ಟರ್ ಹತ್ರ ಯಾವಾಗ?

* ಹುಡುಗಿಗೆ 8, ಹುಡುಗನಿಗೆ 9 ವರ್ಷ ತುಂಬುವ ಮೊದಲೇ ಬದಲಾವಣೆ ಕಂಡರೆ.
* ಹುಡುಗಿಗೆ 13, ಹುಡುಗನಿಗೆ 14 ದಾಟಿದರೂ ಪ್ರೌಢಾವಸ್ಥೆಯ ಯಾವ ಲಕ್ಷಣವೂ ಇಲ್ಲದಿದ್ದರೆ.
* ಹುಡುಗಿಗೆ ಗದ್ದ, ಎದೆ, ಹೊಟ್ಟೆ ಮೇಲೆ ದಪ್ಪ ಕೂದಲು ಬಂದು, ಜೊತೆಗೆ ಮುಟ್ಟು ಏರುಪೇರಾಗಿ, ಮೊಡವೆ, ತೂಕ ಹೆಚ್ಚಿದ್ದರೆ. ಇದು ಪಿಸಿಒಎಸ್ ಇರಬಹುದು. ಚಿಕಿತ್ಸೆ ಇದೆ. ನಾಚಿಕೆಪಡುವ ವಿಷಯವಲ್ಲ.

ಅಂಗಡಿಯವರೂ ಗಮನಿಸಿ

ರೇಜರ್ ಒಬ್ಬರದ್ದು ಇನ್ನೊಬ್ಬರು ಬಳಸಬಾರದು, ಅಪ್ಪ-ಮಗ ಆದರೂ ಸರಿ. ಕಣ್ಣಿಗೆ ಕಾಣದಷ್ಟು ರಕ್ತದಿಂದಲೂ ಹೆಪಟೈಟಿಸ್ ಬಿ ಹರಡಬಲ್ಲದು. ಸಲೂನಿನಲ್ಲಿ ಪ್ರತಿ ಗಿರಾಕಿಗೂ ಹೊಸ ಬ್ಲೇಡು ಹಾಕಬೇಕು. ನೀರಲ್ಲಿ ತೊಳೆದರೆ ಸಾಲದು. ಗಿರಾಕಿಯೂ ಕೇಳಿ ಹಾಕಿಸಿಕೊಳ್ಳಲಿ.

ತೊಡೆಸಂದಿಯಲ್ಲಿ ಕೆರೆತ ಅಂತ ಮಕ್ಕಳು ಮೆಡಿಕಲ್ ಶಾಪಿಗೆ ಬಂದಾಗ ಸ್ಟೆರಾಯ್ಡ್ ಬೆರೆತ ಕ್ರೀಮ್ ಕೊಡುವುದು ಅಪಾಯ. ಎರಡು ದಿನ ಹಾಯ್ ಅನಿಸುತ್ತೆ, ಆಮೇಲೆ ಗಜಕರ್ಣ ಇನ್ನೂ ಹರಡುತ್ತೆ. ಚರ್ಮ ತೆಳುವಾಗಿ ಬರೆ ಬೀಳುತ್ತೆ. ಹಚ್ಚಿದ ಜಾಗದಲ್ಲಿ ಕೂದಲು ಹೆಚ್ಚುವುದೂ ಉಂಟು. ವೈದ್ಯರ ಚೀಟಿ ಕೇಳುವುದೇ ಒಳ್ಳೆಯದು.

ಎಲ್ಲಿ ಕೇಳೋದು?

10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್'ಗಳಿವೆ. ಸಲಹೆ ಉಚಿತ, ವಿಷಯ ಗುಟ್ಟಾಗಿ ಇರುತ್ತದೆ. ಹತ್ತಿರದ್ದು ಎಲ್ಲಿದೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಹೇಳುತ್ತಾರೆ. ಅದಕ್ಕೂ ಮೊದಲು ಮನೆಯಲ್ಲೇ ಅಪ್ಪ-ಅಮ್ಮ ಒಂದು ಮಾತು ಆಡಿದರೆ, ಮಕ್ಕಳ ಅರ್ಧ ಭಯ ಅಲ್ಲೇ ಹೋಗುತ್ತೆ.