ಹೊಟ್ಟೆಯಲ್ಲಿ ಹಲ್ಲು, ರಕ್ತದಲ್ಲಿ ತಾಳ

ಜೆ.ಪಿ. ನಗರದ ಓದುಗರೊಬ್ಬರ ಪ್ರಶ್ನೆ ಇದು: ಮಡಿವಾಳ ಮಾರುಕಟ್ಟೆಯಿಂದ ತಂದ ಏಡಿಯನ್ನು ಮನೆಯಲ್ಲೇ ಬಿಡಿಸುವಾಗ ಕಣ್ಣಿನ ಹಿಂದಿನ ಚೀಲದೊಳಗೆ ಕಂದು ಬಣ್ಣದ ಹಲ್ಲಿನಂಥವು ಸಿಕ್ಕಿದವಂತೆ. ಏಡಿ ಇನ್ನೊಂದು ಪ್ರಾಣಿಯನ್ನು ಇಡಿಯಾಗಿ ನುಂಗಿತ್ತೇ?

ಇಲ್ಲ. ಅವು ಏಡಿಯದೇ ಹಲ್ಲು, ಅದರ ಹೊಟ್ಟೆಯಲ್ಲೇ ಬೆಳೆದವು. ಅಂಗಡಿಯವರು ಬೆನ್ನಚಿಪ್ಪು ಎತ್ತಿದ ಕೂಡಲೇ ಕಿವಿರುಗಳ ಜತೆಗೆ ಕಿತ್ತೆಸೆಯುವ ಚೀಲವೇ ಏಡಿಯ ಜಠರ. ಎಸೆಯುವ ಮುನ್ನ ನಲ್ಲಿ ನೀರಿನಲ್ಲಿ ತೊಳೆದು ಕತ್ತರಿಯಿಂದ ಬಿಡಿಸಿ ನೋಡಿ. ಮೇಲಿನಿಂದ ನಡುವಿಗೆ ಚಾಚಿದ ಒಂದು ಹಲ್ಲು, ಎರಡು ಪಕ್ಕದಿಂದ ಅದಕ್ಕೆ ಎದುರಾಗುವ ಏಣುಏಣಾದ ಇನ್ನೆರಡು. ಬಾಯಿ ಆಹಾರವನ್ನು ತುಂಡು ಮಾಡಿ ಒಳಗೆ ತಳ್ಳುತ್ತದೆ, ಅಷ್ಟೆ. ಅರೆಯುವ ಕೆಲಸವೆಲ್ಲ ಹೊಟ್ಟೆಯದು.

ಈ ಹಲ್ಲುಗಳನ್ನು ಆಡಿಸುವ ನರಗಂಟಿನಲ್ಲಿ ಇರುವುದು ಸುಮಾರು 30 ನರಕೋಶ. ಜಯನಗರದ ಮಗ್ಗುಲಲ್ಲೇ ಇರುವ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯದಲ್ಲಿ ಮನುಷ್ಯನ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಅದರಲ್ಲಿ ಸುಮಾರು 8,600 ಕೋಟಿ ಇವೆ. ಎಣಿಸಿ ಮುಗಿಸಬಹುದಾದ ನರಜಾಲ ಬೇಕು ಎನ್ನುವವರಿಗೆ ಏಡಿ, ಲಾಬ್‌ಸ್ಟರ್‌ಗಳ ಹೊಟ್ಟೆಯೇ ಗತಿ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಈವ್ ಮಾರ್ಡರ್ ಇಡೀ ವೃತ್ತಿಜೀವನವನ್ನೇ ಇದಕ್ಕೆ ಕೊಟ್ಟಿದ್ದಾರೆ.

ಈ ನರಗಂಟನ್ನು ಸುತ್ತಲಿನ ನರಗಳ ಸಮೇತ ಹೊರತೆಗೆದು ಉಪ್ಪುನೀರಿನ ತಟ್ಟೆಯಲ್ಲಿಟ್ಟರೂ ಅದು ತಾಳ ಹಾಕುತ್ತಲೇ ಇರುತ್ತದೆ. ಒಂದು ತಾಳ ಚುರುಕಿನದು, ಹೆಚ್ಚುಕಡಿಮೆ ಸೆಕೆಂಡಿಗೊಂದು ಆವರ್ತ. ಅರೆದದ್ದನ್ನು ಸೋಸಿ ಮುಂದಕ್ಕೆ ಕಳಿಸುವ ಭಾಗದ್ದು ಅದು. ಹಲ್ಲುಗಳ ತಾಳ ನಿಧಾನ, ಒಂದೊಂದು ಆವರ್ತಕ್ಕೂ ಹಲವು ಸೆಕೆಂಡು ಬೇಕು. ತಲೆಯ ಕಡೆಯಿಂದ ಇಳಿದು ಬರುವ ನರವನ್ನು ಕಡಿದರೆ ಚುರುಕಿನ ತಾಳವೂ ಕುಂಟುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಆಗ ತಟ್ಟೆಯ ನೀರಿಗೆ ಪ್ರೊಕ್ಟೋಲಿನ್ ಎಂಬ ವಸ್ತುವನ್ನು ಚೂರೇಚೂರು ಬೆರೆಸಿದರೆ ಸಾಕು, ಮತ್ತೆ ಶುರು.

ಪ್ರೊಕ್ಟೋಲಿನ್ ಒಂದು ನ್ಯೂರೋಪೆಪ್ಟೈಡ್. ಎಂದರೆ, ನರಕೋಶಗಳು ಸ್ರವಿಸುವ ಅಮೈನೋ ಆಮ್ಲಗಳ ಪುಟ್ಟ ಸರ. ಇದರಲ್ಲಿ ಇರುವುದು ಐದೇ ಮಣಿ. ಇದು ಮೊದಲು ಸಿಕ್ಕಿದ್ದು ಏಡಿಯಲ್ಲಲ್ಲ, ನಮ್ಮ ಅಡುಗೆಮನೆಯ ಜಿರಳೆಯಲ್ಲಿ! ಕೆನಡಾದ ಸ್ಟಾರಟ್ ಮತ್ತು ಬ್ರೌನ್ 1975ರಲ್ಲಿ, ಜಿರಳೆಯ ಹಿಂಗರುಳನ್ನು ಕುಗ್ಗಿಸುವ ವಸ್ತು ಯಾವುದೆಂದು ಹುಡುಕುತ್ತ, 1,25,000 ಜಿರಳೆಗಳನ್ನು ಅರೆದು, ಸೋಸಿ, ಶುದ್ಧ ಮಾಡಿದರು. ಕೊನೆಗೆ ಕೈಗೆ ಬಂದದ್ದು 180 ಮೈಕ್ರೋಗ್ರಾಂ. ಒಂದು ಗ್ರಾಮನ್ನು ಐದು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ಕಡಿಮೆ. ವಿಜ್ಞಾನಿಗಳ ಸಹನೆಯನ್ನು ಹೊಗಳುವವರು ಸಾಮಾನ್ಯವಾಗಿ ದೂರದರ್ಶಕದ ಮುಂದೆ ಕೂತವರ ಕಥೆ ಹೇಳುತ್ತಾರೆ. ಲಕ್ಷ ಜಿರಳೆ ಅರೆದವರಿಗೂ ಆ ಸಾಲಿನಲ್ಲಿ ಒಂದು ಜಾಗ ಸಿಗಲಿ.

ಇನ್ನೊಂದು ಸೊಗಸು ಈ ನರಗಂಟು ಇರುವ ಜಾಗದ್ದು. ಹೃದಯದಿಂದ ಕಣ್ಣಿನ ಕಡೆಗೆ ಹೋಗುವ ರಕ್ತನಾಳದ ಒಳಗೇ ಅದು ಕೂತಿದೆ. ನಾಳದ ಪಕ್ಕದಲ್ಲಲ್ಲ, ಹರಿಯುವ ರಕ್ತದ ನಡುವೆ. ಹೃದಯದ ಸುತ್ತಲಿನ ಗ್ರಂಥಿಗಳು ರಕ್ತಕ್ಕೆ ಬಿಟ್ಟ ಪೆಪ್ಟೈಡು ಹೃದಯವನ್ನು ದಾಟಿ ನೇರ ಈ ಕೋಶಗಳ ಮೇಲೆ ಹರಿಯುತ್ತದೆ. ನರದ ತುದಿಯಿಂದ ಬರುವ ಅಪ್ಪಣೆ ಒಂದು ಕಡೆ, ರಕ್ತದಲ್ಲಿ ತೇಲಿ ಬರುವ ಅಪ್ಪಣೆ ಇನ್ನೊಂದು ಕಡೆ. 1980ರ ದಶಕದಲ್ಲಿ ಹೈನ್‌ಜೆಲ್ ಎಂಬ ಸಂಶೋಧಕ ಜೀವಂತ ಲಾಬ್‌ಸ್ಟರ್‌ನ ಹೊಟ್ಟೆಗೆ ಎಂಡೋಸ್ಕೋಪ್ ಇಳಿಸಿ, ರಕ್ತಕ್ಕೆ ಪ್ರೊಕ್ಟೋಲಿನ್ ಚುಚ್ಚಿದರೆ ಹಲ್ಲುಗಳು ಅಗಿಯತೊಡಗುವುದನ್ನು ನೋಡಿದರು.

ಮೆದುಳೆಂದರೆ ವೈರಿಂಗ್, ನಕ್ಷೆ ಪೂರ್ತಿ ಸಿಕ್ಕರೆ ಗುಟ್ಟು ಬಯಲು ಎಂಬ ನಂಬಿಕೆ ಓದಿದವರಲ್ಲೇ ಹೆಚ್ಚು. ಏಡಿಯ ಈ ನರಗಂಟಿನ ನಕ್ಷೆ ದಶಕಗಳಿಂದ ಕೈಯಲ್ಲಿದೆ. ಆದರೂ ಯಾವ ಪೆಪ್ಟೈಡು ಹರಿಯುತ್ತಿದೆ ಎಂದು ತಿಳಿಯದೆ ಅದು ಯಾವ ತಾಳ ಹಾಕುತ್ತದೆಂದು ಹೇಳಲಾಗದು. 1990ರಲ್ಲಿ ಪ್ಯಾಟ್ಸಿ ಡಿಕಿನ್ಸನ್ ಮತ್ತು ಮಾರ್ಡರ್ ತಂಡ ಲಾಬ್‌ಸ್ಟರ್‌ನ ನರಜಾಲಕ್ಕೆ ಎಂಟು ಮಣಿಯ ಒಂದು ಪೆಪ್ಟೈಡ್ ಕೊಟ್ಟಿತು. ಸಿಗಡಿಯ ಮೈಬಣ್ಣ ಬದಲಿಸುವ ಹಾರ್ಮೋನೆಂದು 1972ರಿಂದಲೇ ಪರಿಚಿತವಾಗಿದ್ದ ವಸ್ತು ಅದು. ಬೇರೆಬೇರೆಯಾಗಿ ನಡೆಯುತ್ತಿದ್ದ ಎರಡು ತಾಳಗಳು ಕೂಡಿಕೊಂಡು ಒಂದೇ ಹೊಸ ತಾಳವಾದವು. ಚಾಮರಾಜಪೇಟೆಯ ರಾಮನವಮಿ ಕಛೇರಿಗಳಲ್ಲಿ ಕೂತು ಗೊತ್ತಿರುವವರಿಗೆ ಗ್ರಹಭೇದ ಹೊಸದಲ್ಲ. ಮೋಹನದ ಅದೇ ಐದು ಸ್ವರ, ರಿಷಭವನ್ನು ಷಡ್ಜ ಮಾಡಿಕೊಂಡರೆ ಮಧ್ಯಮಾವತಿ, ಗಾಂಧಾರವನ್ನು ಮಾಡಿಕೊಂಡರೆ ಹಿಂದೋಳ. ಇಲ್ಲಿಯೂ ಕೋಶಗಳು ಅವೇ, ಕೊಂಡಿಗಳು ಅವೇ.

ಏಡಿಯ ಮಾತು ಬಂದ ಮೇಲೆ ಅಮಾವಾಸ್ಯೆಯ ಮಾತು ಬಿಡುವಂತಿಲ್ಲ. ಅಮಾವಾಸ್ಯೆಯ ಏಡಿ ತುಂಬಿರುತ್ತದೆ, ಹುಣ್ಣಿಮೆಯದು ಪೊಳ್ಳು ಎಂದು ಕ್ಯಾಲೆಂಡರ್ ನೋಡಿ ಕೊಳ್ಳುವವರು ಬಿಟಿಎಂ ಲೇಔಟಿನಲ್ಲೂ ಇದ್ದಾರೆ. ಕಡಲ ಜೀವಿಗಳ ಓಡಾಟಕ್ಕೂ ಉಬ್ಬರವಿಳಿತಕ್ಕೂ ನಂಟು ಇರುವುದು ನಿಜ. ಆದರೆ ಒಂದೇ ದಿನ, ಒಂದೇ ಬುಟ್ಟಿಯಲ್ಲಿ ಒಂದು ಏಡಿ ಗಟ್ಟಿ, ಇನ್ನೊಂದು ಟೊಳ್ಳು ಇರುವುದನ್ನು ಈ ಪಂಚಾಂಗ ಹೇಗೆ ವಿವರಿಸೀತು? 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರ ಊರಿನಲ್ಲಿ ಇಷ್ಟನ್ನಾದರೂ ಕೇಳಬೇಕು. ಮಾಂಸ ತುಂಬುವುದು, ಬಡವಾಗುವುದು ಚಿಪ್ಪು ಕಳಚುವ ಚಕ್ರಕ್ಕೆ ಸೇರಿದ್ದು. ಕಳಚುವ ಮುಂಚೆ ಕೊಂಡಿಯ ಸ್ನಾಯು ಕರಗುತ್ತದೆ, ಕಳಚಿದ ಮೇಲೆ ಮೈ ನೀರು ಕುಡಿದು ಉಬ್ಬುತ್ತದೆ. ಈ ಚಕ್ರವನ್ನು ತಡೆಹಿಡಿಯುವುದೂ ಕಣ್ಣಿನ ಕಾಂಡದಲ್ಲಿ ತಯಾರಾಗುವ ಒಂದು ಪೆಪ್ಟೈಡೇ. ಕೊಳ್ಳುವವರು ಆಕಾಶ ನೋಡುವ ಬದಲು ಏಡಿಯ ಅಡಿಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಲಿ. ಅಂದಹಾಗೆ, ಚಿಪ್ಪಿನ ಜತೆ ಜಠರದ ಒಳಪೊರೆಯೂ ಕಳಚುತ್ತದೆ. ಹೊಟ್ಟೆಯ ಹಲ್ಲುಗಳೂ ಅದರೊಂದಿಗೇ ಹೋಗಿ ಹೊಸ ಸೆಟ್ಟು ಬರುತ್ತದೆ.

ಮತ್ತೆ ಹೊಟ್ಟೆಯ ನರಗಂಟಿಗೆ ಬರೋಣ. ಪ್ರೊಕ್ಟೋಲಿನ್ ಅಲ್ಲದೆ ಇನ್ನೂ ಹಲವು ಪೆಪ್ಟೈಡುಗಳು ಅದರ ಮೇಲೆ ಕೆಲಸ ಮಾಡುತ್ತವೆ. ಇಷ್ಟು ಚಿಕ್ಕ ನರಗಂಟಿಗೆ ಇಷ್ಟೊಂದು ಪೆಪ್ಟೈಡುಗಳು ಏಕೆ? ಇವುಗಳಲ್ಲಿ ಹಲವು ನರಕೋಶದಲ್ಲಿ ಒಂದೇ ಬಗೆಯ ವಿದ್ಯುತ್ ಪ್ರವಾಹವನ್ನು ಎಬ್ಬಿಸುತ್ತವೆ ಎಂದು ಸ್ವೆನ್‌ಸನ್ ಮತ್ತು ಮಾರ್ಡರ್ 2000ರಲ್ಲಿ ತೋರಿಸಿದಾಗ ಒಗಟು ಇನ್ನೂ ಬಿಗಿಯಾಯಿತು. ಕೆಲಸ ಒಂದೇ ಆದರೆ ಕೆಲಸಗಾರರು ಇಷ್ಟೊಂದು ಏಕೆ? ಮರುವರ್ಷ ಅವರೇ ಉತ್ತರ ಕೊಟ್ಟರು. ಎಲ್ಲ ಕೋಶಗಳಲ್ಲೂ ಎಲ್ಲ ಪೆಪ್ಟೈಡುಗಳನ್ನು ಹಿಡಿಯುವ ಗ್ರಾಹಕ (ರಿಸೆಪ್ಟರ್) ಇಲ್ಲ. ಪ್ರೊಕ್ಟೋಲಿನ್‌ಗೆ ಓಗೊಡುವ ಕೋಶಗಳಲ್ಲಿ ಕೆಲವು ಮಾತ್ರ, ಏಡಿಯ ಹೃದಯದ ಬಡಿತ ಹೆಚ್ಚಿಸುವ ಒಂಬತ್ತು ಮಣಿಯ ಪೆಪ್ಟೈಡಿಗೂ ಓಗೊಡುತ್ತವೆ. ಹಾಗಾಗಿ ಅದು ಹರಿದಾಗ ಏಳುವ ತಾಳವೇ ಬೇರೆ.