ಕುಡುಗೋಲು ತಾಗಿದ ಸಣ್ಣ ಗಾಯ: ಮೂರನೇ ದಿನ ನೋವು ಹೆಚ್ಚಾದ್ರೆ ಕಾಯಬೇಡಿ

ಸೀಮೆಹುಲ್ಲು ಕೊಯ್ಯುವಾಗ ಕುಡುಗೋಲು ಜಾರಿ ನನ್ನ ಎಡಗೈ ತೋರುಬೆರಳಿಗೆ ತಾಗಿದ್ದು ಹೋದ ಮಳೆಗಾಲದಲ್ಲಿ. ಗಾಯ ಒಂದು ಇಂಚೂ ಇರಲಿಲ್ಲ. ನಾಲೆ ನೀರಲ್ಲಿ ಕೈ ಅದ್ದಿ ಮನೆಗೆ ಬಂದೆ. "ಕಾಫಿಪುಡಿ ಮೆತ್ಕೊಳ್ಳೋ, ರಕ್ತ ನಿಲ್ತದೆ" ಅಂದ್ಲು ಅವ್ವ. ಮೆತ್ತಿಕೊಂಡೆ. ಹಳೇ ಟವೆಲ್ ಹರಿದು ಕಟ್ಟಿಕೊಂಡು, ಅದೇ ಕೈಯಲ್ಲಿ ಕೊಟ್ಟಿಗೆಯ ಸಗಣಿ ಬಾಚಿ, ಸಂಜೆ ಎರಡು ಹಸುವಿನ ಹಾಲೂ ಕರೆದೆ. ರಕ್ತ ನಿಂತಿತ್ತು. ಅಲ್ಲಿಗೆ ಮುಗೀತು ಅಂದುಕೊಂಡೆ.

ಮೂರನೇ ದಿನ ರಾತ್ರಿ ಬೆರಳು ನಾಡಿ ಥರ ಹೊಡೆದುಕೊಳ್ಳೋಕೆ ಶುರುವಾಯ್ತು. ನಿದ್ದೆ ಇಲ್ಲ. ಬೆಳಗ್ಗೆ ಕಟ್ಟು ಬಿಚ್ಚಿದರೆ ಬೆರಳು ಬದನೆಕಾಯಿ ಥರ ಊದಿತ್ತು, ಚರ್ಮ ಬಿಗಿದು ಹೊಳೀತಿತ್ತು, ಕೆಟ್ಟ ವಾಸನೆ ಬೇರೆ. ಕೈ ಮೇಲೆ ಒಂದು ಕೆಂಪು ಗೆರೆ ಮೊಣಕೈ ಕಡೆಗೆ ಹತ್ತಿತ್ತು. ಕಂಕುಳಲ್ಲಿ ಗಂಟು, ಮೈಯಲ್ಲಿ ಚಳಿ. ಆಸ್ಪತ್ರೆಗೆ ಹೋದೆ. ಡಾಕ್ಟ್ರು ಬೆರಳು ಮರಗಟ್ಟಿಸಿ, ಕೊಯ್ದು ಕೀವು ತೆಗೆದರು. ಒಳಗಿಂದ ಕಾಫಿಪುಡಿ ಕೆಸರಿನ ಹಾಗೆ ಬರ್ತಿತ್ತು. "ಇನ್ನೂ ಎರಡು ದಿನ ಬಿಟ್ಟು ಬಂದಿದ್ರೆ ಬೆರಳು ಉಳಿಸೋದು ಕಷ್ಟ ಇತ್ತಪ್ಪ" ಅಂದ್ರು. ಹನ್ನೊಂದು ದಿನ ನಾನು ಹಾಲು ಕರೆಯಲಿಲ್ಲ. ಮಂಡಿನೋವಿನ ಅಪ್ಪ ಕುಕ್ಕರಗಾಲಲ್ಲಿ ಕೂತು ಕರೆದ. ಅದನ್ನ ನೋಡೋದು ಬೆರಳಿನ ನೋವಿಗಿಂತ ಕಷ್ಟವಾಗಿತ್ತು.

ಅವತ್ತು ಡ್ರೆಸ್ಸಿಂಗ್ ಮಾಡಿದ ಸಿಸ್ಟರ್ ಒಬ್ಬರು ನನಗೆ ಒಳ್ಳೇ ಪಾಠ ಮಾಡಿದರು. ನನ್ನ ತಪ್ಪು ಕಾಫಿಪುಡಿಯಿಂದ ಶುರುವಾಗಿದ್ದಲ್ಲ, ಅದಕ್ಕೂ ಮೊದಲೇ, ತೊಳೆಯದೇ ಇದ್ದದ್ದರಿಂದ. ನಾಲೆ ನೀರಲ್ಲಿ ಅದ್ದೋದು ತೊಳೆಯೋದಲ್ಲ. ಕುಡಿಯೋ ನೀರಿನ ನಲ್ಲಿ ಕೆಳಗೆ ಗಾಯ ಹಿಡಿದು, ಸುತ್ತಲ ಚರ್ಮಕ್ಕೆ ಸೋಪು ಹಚ್ಚಿ, ಐದು ನಿಮಿಷ ನೀರು ಹರಿಯೋಕೆ ಬಿಡಬೇಕು. ಫೋನಲ್ಲಿ ಟೈಮರ್ ಇಟ್ಟು ನೋಡಿ, ಐದು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗುತ್ತೆ. ತೋಟದಲ್ಲಿ ನಲ್ಲಿ ಇಲ್ಲವಾದರೆ ಬಾಟಲಿಯ ಕುಡಿಯೋ ನೀರು ಸುರಿಯಿರಿ. ರಕ್ತ ಜಾಸ್ತಿ ಬರ್ತಿದ್ರೆ ಮೊದಲು ಅದನ್ನ ನಿಲ್ಲಿಸಿ: ಒಗೆದ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡೀರಿ. ನಿಂತಿದೆಯಾ ಅಂತ ಮಧ್ಯೆ ಮಧ್ಯೆ ತೆಗೆದು ನೋಡಬಾರದು. ನೋಡಿದಷ್ಟೂ ರಕ್ತ ಮತ್ತೆ ಬರುತ್ತೆ.

ಆಮೇಲೆ ಏನು ಹಚ್ಚೋದು? ನಮ್ಮ ಕಡೆ ಇದಕ್ಕೆ ಉತ್ತರ ನೂರಿದೆ. ಅರಿಶಿನ, ಸುಣ್ಣ, ಸೀಮೆಎಣ್ಣೆ, ಬೂದಿ, ಕೊನೆಗೆ ಹಸುವಿನ ಗಾಯಕ್ಕೆ ಹೊಡೆಯೋ ಸ್ಪ್ರೇ ಕೂಡ. ಅರಿಶಿನಕ್ಕೆ ಗುಣ ಇರಬಹುದು, ನಾನು ಜಗಳಕ್ಕೆ ಬರಲ್ಲ. ಆದರೆ ಅಡುಗೆಮನೆ ಡಬ್ಬಿಯ ಪುಡಿ ಶುಚಿಯಾದದ್ದಲ್ಲ, ಜೊತೆಗೆ ಅದರ ಬಣ್ಣ ಹತ್ತಿದರೆ ಗಾಯದ ಸುತ್ತ ಕೆಂಪಗಾಗಿದೆಯಾ ಇಲ್ಲವಾ ಡಾಕ್ಟ್ರಿಗೂ ಕಾಣಲ್ಲ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಹೊಸದಾಗಿ ಕೂಡುತ್ತಿರೋ ಮಾಂಸವೂ ಸುಡುತ್ತೆ. ಸಣ್ಣ ಗಾಯಕ್ಕೆ ತೆಳ್ಳಗೆ ವ್ಯಾಸಲೀನ್ ಹಚ್ಚಿ, ಮೇಲೆ ಶುಚಿಯಾದ ಪಟ್ಟಿ ಹಾಕಿದರೆ ಸಾಕು. ಪಟ್ಟಿಯನ್ನ ದಿನಾ ಬದಲಿಸಿ. ಒದ್ದೆಯಾದರೆ, ಗಲೀಜಾದರೆ ಆಗಲೇ ಬದಲಿಸಿ. ಸಗಣಿ, ಗಂಜಲದ ಕೆಲಸ ತಪ್ಪಿಸೋಕೆ ಆಗಲ್ಲ ಅಂದ್ರೆ ಪಟ್ಟಿ ಮೇಲೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ.

ಇನ್ನು ಗಾಯ ಕೆಡ್ತಿದೆ ಅಂತ ತಿಳಿಯೋದು ಹೇಗೆ ಅನ್ನೋ ವಿಷಯ. ಮೊದಲ ಎರಡು ದಿನ ಅಂಚು ಸ್ವಲ್ಪ ಕೆಂಪಗಿರೋದು, ಮುಟ್ಟಿದರೆ ನೋಯೋದು, ತೆಳ್ಳನೆ ತಿಳಿನೀರು ಒಸರೋದು ಮಾಮೂಲಿ. ವಾಸಿಯಾಗೋ ಗಾಯದ ನೋವು ನಿನ್ನೆಗಿಂತ ಇವತ್ತು ಕಡಿಮೆ ಇರಬೇಕು. ಮೂರನೇ ದಿನಕ್ಕೆ ಅದು ಹೆಚ್ಚಾಗಿದ್ದರೆ ಅನುಮಾನ ಪಡಿ. ನಮ್ಮ ಮೈಬಣ್ಣಕ್ಕೆ ಎಲ್ಲರಿಗೂ ಕೆಂಪು ಸರಿಯಾಗಿ ಕಾಣಲ್ಲ, ನೇರಳೆಯಾಗಿ ಅಥವಾ ಇನ್ನೂ ಕಪ್ಪಾಗಿ ಕಾಣಬಹುದು. ಅದಕ್ಕೆ ಕಣ್ಣಿನ ಜೊತೆ ಕೈಯನ್ನೂ ಬಳಸಿ: ಇನ್ನೊಂದು ಕೈಯ ಹಿಂಭಾಗವನ್ನ ಗಾಯದ ಪಕ್ಕ ಇಟ್ಟು, ಆಮೇಲೆ ಅದೇ ಜಾಗಕ್ಕೆ ಆ ಕಡೆಯ ಅಂಗದಲ್ಲಿ ಇಟ್ಟು ನೋಡಿ. ಗಾಯದ ಕಡೆ ಬಿಸಿ ಜಾಸ್ತಿ ಇದ್ದು, ಚರ್ಮ ಬಿಗಿದಿದ್ದರೆ ಒಳಗೆ ಕೆಡ್ತಿದೆ. ಕೀವು, ವಾಸನೆ ಬಂದ ಮೇಲಂತೂ ಹೇಳೋದೇ ಬೇಡ.

ಸಿಸ್ಟರ್ ಹೇಳಿಕೊಟ್ಟ ಒಂದು ಉಪಾಯ ನನಗೆ ತುಂಬಾ ಹಿಡಿಸ್ತು. ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಬಾಲ್‌ಪೆನ್ನಲ್ಲಿ ಸುತ್ತ ಗೆರೆ ಎಳೀರಿ. ಪಕ್ಕ ಒಂದು ರೂಪಾಯಿ ನಾಣ್ಯ ಇಟ್ಟು ಹಗಲು ಬೆಳಕಲ್ಲಿ ಫೋಟೋ ತೆಗೀರಿ. ಕೆಲವು ಗಂಟೆ ಬಿಟ್ಟು ಅದೇ ಥರ ಇನ್ನೊಂದು. ಕೆಂಪು ಗೆರೆ ದಾಟಿ ಹೋಗಿದ್ದರೆ ಅವತ್ತೇ ಡಾಕ್ಟ್ರ ಹತ್ತಿರ ಹೊರಡಿ, ಫೋಟೋಗಳನ್ನ ಅವರಿಗೂ ತೋರಿಸಿ. ಅದೇ ಫೋಟೋನ ವಾಟ್ಸಾಪ್ ಗುಂಪಿಗೆ ಹಾಕಿ "ಏನ್ ಮಾತ್ರೆ ತಗೊಳ್ಳಿ" ಅಂತ ಕೇಳಬೇಡಿ. ಮೆಡಿಕಲ್ ಶಾಪಲ್ಲಿ ಎರಡು ಆಂಟಿಬಯೋಟಿಕ್ ನುಂಗಿ ನೋವು ತಗ್ಗಿದ ಕೂಡಲೇ ಬಿಡೋದೂ ಬೇಡ.

ಗೆರೆ ಎಳೆದು ಕಾಯೋಕೆ ಆಗದ ಸಂದರ್ಭಗಳೂ ಇವೆ. ಜ್ವರ ಚಳಿ ಬಂದಿದೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹತ್ತಿದೆ, ಬೆರಳು ಮಡಚೋಕೆ ಆಗ್ತಿಲ್ಲ, ಗಾಯ ಕಾಣೋದಕ್ಕಿಂತ ನೋವು ವಿಪರೀತ ಇದೆ ಅಂದ್ರೆ ರಾತ್ರಿಯಾದರೂ ಹೋಗಿ. ಗಾಯ ಬಾಯಿ ಬಿಟ್ಟುಕೊಂಡಿದ್ದರೆ ಹೊಲಿಗೆ ಬೇಕಾಗಬಹುದು, ಅದಕ್ಕೆ ಆದ ದಿನವೇ ಹೋಗಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದು ಅವರ ಕಾಲಿಗೆ ಗಾಯವಾಗಿದ್ದರೆ, ಎಷ್ಟೇ ಚಿಕ್ಕದಿರಲಿ, ಮೊದಲ ದಿನವೇ ತೋರಿಸಿ. ಕಾಲು ಜೋಮು ಹಿಡಿದಿದ್ದರೆ ಅವರಿಗೆ ನೋವೇ ತಿಳಿಯಲ್ಲ, ಹಾಗಾಗಿ ಮೇಲೆ ಹೇಳಿದ ನೋವಿನ ಲೆಕ್ಕ ಅವರಿಗೆ ನಡೆಯಲ್ಲ.

ಧನುರ್ವಾಯು ಅಂದ ಕೂಡಲೇ ಎಲ್ಲರೂ ತುಕ್ಕು ಮೊಳೆ ಅಂತಾರೆ. ತುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಆ ರೋಗಾಣು ಇರೋದು ಮಣ್ಣಲ್ಲಿ, ಸಗಣಿಯಲ್ಲಿ. ಅಂದ್ರೆ ನಾವು ದಿನಾ ಓಡಾಡೋ ಜಾಗದಲ್ಲೇ. ಗಾಳಿ ಆಡದ ಆಳವಾದ ಗಾಯದಲ್ಲಿ ಅದು ಬೆಳೆಯುತ್ತೆ, ಅದಕ್ಕೇ ಮುಳ್ಳು, ಮೊಳೆ ಚುಚ್ಚಿದ ಸಣ್ಣ ತೂತು ಅಪಾಯ. ಹಿಂದೆ ಟಿಟಿ ಅಂತಿದ್ದ ಸೂಜಿಯ ಜಾಗದಲ್ಲಿ ಈಗ ಟಿಡಿ ಕೊಡ್ತಾರೆ. ಮಕ್ಕಳಿಗೆ 10ನೇ ಮತ್ತು 16ನೇ ವಯಸ್ಸಿಗೆ ಹಾಕ್ತಾರೆ, ಆಮೇಲೆ ಹತ್ತು ವರ್ಷಕ್ಕೊಮ್ಮೆ ಬೇಕು. ಮಣ್ಣು ಸಗಣಿ ತಾಗಿದ ಗಾಯವಾಗಿ, ಹಿಂದಿನ ಸೂಜಿಗೆ ಐದು ವರ್ಷ ದಾಟಿದ್ದರೆ ಇನ್ನೊಂದು ಹಾಕಿಸಿಕೊಳ್ಳಬೇಕು. ಚಿಕ್ಕಂದಿನ ಸೂಜಿಗಳು ಪೂರ್ತಿ ಆಗಿವೆಯೋ ಗೊತ್ತಿಲ್ಲದಿದ್ದರೆ ಅದನ್ನೂ ಹೇಳಿ. ನನಗೆ ಕೊನೇ ಸೂಜಿ ಯಾವಾಗ ಆಗಿತ್ತು ಅಂತಲೇ ನೆನಪಿರಲಿಲ್ಲ. ಈಗ ಚೀಟಿಯ ಫೋಟೋ ಫೋನಲ್ಲಿದೆ.

ಗದ್ದೆ ಕೆಲಸದವರಿಗೆ ಇನ್ನೊಂದು ಮಾತು. ಕಾಲಲ್ಲಿ ಗಾಯ ಇಟ್ಟುಕೊಂಡು ನಿಂತ ನೀರಿಗೆ ಇಳಿದರೆ ಇಲಿಜ್ವರ ತಗಲಬಹುದು. ಇಲಿ ಉಚ್ಚೆ ಸೇರಿದ ನೀರಿಂದ ರೋಗಾಣು ಗಾಯದ ಮೂಲಕ ಒಳಗೆ ಹೋಗುತ್ತೆ. ಗಾಯ ಮಾದು ಮರೆತ ಮೇಲೂ, ಒಂದೆರಡು ವಾರ ಬಿಟ್ಟು ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗೋದು ಕಾಣಿಸಬಹುದು. ಡಾಕ್ಟ್ರಿಗೆ "ಗದ್ದೆ ನೀರಲ್ಲಿ ಕೆಲಸ ಮಾಡಿದ್ದೆ" ಅಂತ ನೀವೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ಈಗ ನಮ್ಮ ಪಂಪ್‌ಸೆಟ್ ಮನೆಯಲ್ಲಿ ಮುಚ್ಚಳ ಇರೋ ಒಂದು ಡಬ್ಬಿ ನೇತು ಹಾಕಿದ್ದೇನೆ. ಒಳಗೆ ಸೋಪು, ಗಾಜ್ ಬಟ್ಟೆ, ಪಟ್ಟಿ, ವ್ಯಾಸಲೀನ್, ಎರಡು ಜೊತೆ ಗ್ಲೌಸ್, ಒಂದು ಬಾಲ್‌ಪೆನ್. ಅವ್ವ ಅದನ್ನ ನೋಡಿ ನಕ್ಕಿದ್ಲು. ಹೋದ ವಾರ ಈರುಳ್ಳಿ ಹೆಚ್ಚುವಾಗ ಈಳಿಗೆಮಣೆಗೆ ಕೈ ಕೊಯ್ದುಕೊಂಡಾಗ, ಕಾಫಿ ಡಬ್ಬಿ ಕಡೆ ಹೋದವಳು ಅರ್ಧಕ್ಕೆ ನಿಂತು, "ಲೋ, ನಲ್ಲಿ ತಿರುಗ್ಸು ಬಾರೋ" ಅಂತ ಕೂಗಿದ್ಲು.