ಹುತ್ತದ ಅಣಬೆ

ಹುತ್ತದ ಅಣಬೆ ಎಂಬುದು ಗೆದ್ದಲುಗಳು ತಮ್ಮ ಗೂಡಿನೊಳಗೆ ಬೆಳೆಸುವ ಶಿಲೀಂಧ್ರದಿಂದ ಮಳೆಗಾಲದಲ್ಲಿ ನೆಲದ ಮೇಲಕ್ಕೆ ಮೂಡುವ ಖಾದ್ಯ ಕಾಡಣಬೆ. ಸಸ್ಯವಿಜ್ಞಾನದಲ್ಲಿ ಇದರ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು. ಫ್ರಾನ್ಸಿನ ಶಿಲೀಂಧ್ರಶಾಸ್ತ್ರಜ್ಞ ರೋಜೆ ಹೈಮ್ 1942ರಲ್ಲಿ ಈ ಕುಲವನ್ನು ಗುರುತಿಸಿ ಹೆಸರಿಸಿದರು. ಆಫ್ರಿಕಾ ಮತ್ತು ಏಷ್ಯಾ ಖಂಡಗಳ ಉಷ್ಣವಲಯದಲ್ಲಿ ಇದರ ಹಲವು ಪ್ರಭೇದಗಳಿವೆ. ಕರ್ನಾಟಕದಲ್ಲಿ ಪಶ್ಚಿಮ ಘಟ್ಟಗಳಿಂದ ಮೈಸೂರು ಸೀಮೆಯ ಬಯಲಿನವರೆಗೆ ಇದು ಕಂಡುಬರುತ್ತದೆ. ಕೊಡವ ಭಾಷೆಯಲ್ಲಿ ಅಣಬೆಗೆ ಕುಮ್ಮು ಎಂದೂ ತುಳುವಿನಲ್ಲಿ ಲಾಂಬು ಎಂದೂ ಹೆಸರುಗಳಿವೆ.

ಐರೋಪ್ಯ ಅಡುಗೆಯಲ್ಲಿ ಟ್ರಫಲ್‌ಗೆ ಇರುವ ಸ್ಥಾನವನ್ನು ಈ ಸೀಮೆಯ ಅಡುಗೆಯಲ್ಲಿ ಹುತ್ತದ ಅಣಬೆಗೆ ಕೊಡಬಹುದು. ಎರಡೂ ಕಾಡಿನ ರುಚಿಗಳು. ಎರಡೂ ತಮ್ಮ ಋತುವಿನಲ್ಲಿ ಮಾತ್ರ ದೊರೆಯುತ್ತವೆ. ಎರಡೂ ಮತ್ತೊಂದು ಜೀವಿಯ ಆಸರೆಯಿಲ್ಲದೆ ಬದುಕಲಾರವು.

ಗೆದ್ದಲು ಮತ್ತು ಶಿಲೀಂಧ್ರದ ಸಹಜೀವನ

ಎಲ್ಲ ಗೆದ್ದಲುಗಳೂ ಶಿಲೀಂಧ್ರ ಬೆಳೆಸುವುದಿಲ್ಲ. ಮ್ಯಾಕ್ರೊಟರ್ಮಿಟಿನೆ ಎಂಬ ಉಪಕುಟುಂಬದವು ಮಾತ್ರ ಈ ಕೃಷಿಯನ್ನು ಬಲ್ಲವು. ದಕ್ಷಿಣ ಭಾರತದ ಹೊಲ, ತೋಪು, ಕಾಡುಗಳಲ್ಲಿ ಎತ್ತರದ ಹುತ್ತ ಕಟ್ಟುವ ಓಡಾಂಟೊಟರ್ಮಿಸ್ ಗೆದ್ದಲು ಈ ಗುಂಪಿಗೆ ಸೇರಿದೆ. ಈ ಸಹಜೀವನವು ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕಾದಲ್ಲಿ ಆರಂಭವಾಯಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಕೆಲಸಗಾರ ಗೆದ್ದಲುಗಳು ಒಣಮರ, ತರಗೆಲೆ, ಒಣಹುಲ್ಲುಗಳನ್ನು ತಿಂದು ಗೂಡಿಗೆ ಮರಳುತ್ತವೆ. ಅರೆಜೀರ್ಣವಾದ ಈ ಪದಾರ್ಥವು ಶಿಲೀಂಧ್ರದ ಬೀಜಕಗಳೊಡನೆ ಮಲವಾಗಿ ಹೊರಬೀಳುತ್ತದೆ. ಅದನ್ನೇ ಒತ್ತಿ ಸ್ಪಂಜಿನಂತಹ ರಂಧ್ರಮಯ ಹಟ್ಟುಗಳನ್ನು ಅವು ಕಟ್ಟುತ್ತವೆ. ಇವು ಶಿಲೀಂಧ್ರದ ತೋಟಗಳು. ಗೆದ್ದಲು ತಾನಾಗಿ ಜೀರ್ಣಿಸಿಕೊಳ್ಳಲಾಗದ ಲಿಗ್ನಿನ್ ಮುಂತಾದ ಗಟ್ಟಿ ಅಂಶಗಳನ್ನು ಶಿಲೀಂಧ್ರವು ಇಲ್ಲಿ ಒಡೆಯುತ್ತದೆ. ಹಟ್ಟುಗಳ ಮೇಲೆ ಮೂಡುವ ಬಿಳಿಯ ಪುಟ್ಟ ಗುಂಡುಗಳೂ ಹಳೆಯ ಹಟ್ಟುಗಳೂ ಗೆದ್ದಲಿಗೆ ಆಹಾರವಾಗುತ್ತವೆ. ಹುತ್ತದೊಳಗಿನ ಶಾಖ ಮತ್ತು ತೇವ, ಗೆದ್ದಲುಗಳ ನಿರಂತರ ಆರೈಕೆ ಶಿಲೀಂಧ್ರವನ್ನು ಕಾಪಾಡುತ್ತವೆ. ಗೆದ್ದಲಿನ ಕುಟುಂಬ ನಾಶವಾದರೆ ಹಟ್ಟುಗಳನ್ನು ಜೈಲೇರಿಯಾ ಎಂಬ ಬೇರೊಂದು ಶಿಲೀಂಧ್ರ ಆವರಿಸುತ್ತದೆ. ಆ ಬಳಿಕ ಅಲ್ಲಿ ಹುತ್ತದ ಅಣಬೆ ಏಳುವುದಿಲ್ಲ.

ಮಳೆ ಬಿದ್ದು ನೆಲ ತಂಪಾದಾಗ ನೆಲದಾಳದ ಹಟ್ಟಿನಿಂದ ಅಣಬೆಯ ಮೊಗ್ಗು ಹೊರಡುತ್ತದೆ. ಅದರ ತಲೆಯ ಚೂಪಾದ ತುದಿ ಗಟ್ಟಿ ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ಅರಳಿದ ಅಣಬೆಯ ಕಿವಿರುಗಳಿಂದ ಉದುರುವ ಬೀಜಕಗಳು ಹೊಸ ಹುತ್ತಗಳಿಗೆ ಮುಖ್ಯ. ಬಹುತೇಕ ಪ್ರಭೇದಗಳಲ್ಲಿ ಹೊಸದಾಗಿ ಗೂಡು ಕಟ್ಟುವ ಗೆದ್ದಲುಗಳು ಶಿಲೀಂಧ್ರವನ್ನು ತಾಯಿಗೂಡಿನಿಂದ ತರುವುದಿಲ್ಲ. ಮೇವು ಹುಡುಕುವಾಗ ದೊರೆಯುವ ಬೀಜಕಗಳಿಂದಲೇ ತೋಟವನ್ನು ಆರಂಭಿಸುತ್ತವೆ.

ಲಕ್ಷಣಗಳು ಮತ್ತು ಪ್ರಭೇದಗಳು

ಕೊಡೆಯ ನಡುವಿನ ಚೂಪಾದ ಉಬ್ಬು ಮತ್ತು ಬುಡದಿಂದ ಹಟ್ಟಿನವರೆಗೆ ಬೇರಿನಂತೆ ಇಳಿಯುವ ಉದ್ದನೆಯ ಭಾಗ ಈ ಕುಲದ ಬಹುತೇಕ ಪ್ರಭೇದಗಳ ಲಕ್ಷಣಗಳು. ಕಿವಿರುಗಳು ಬೆಳ್ಳಗಿದ್ದು ಬಲಿತಂತೆ ನಸುಗೆಂಪಿಗೆ ತಿರುಗುತ್ತವೆ. ಕೆಲವು ಪ್ರಭೇದಗಳ ಕಾಂಡದ ಮೇಲೆ ಉಂಗುರವೂ ಇರುತ್ತದೆ.

ಟರ್ಮಿಟೊಮೈಸಿಸ್ ಹೈಮಿ ಎಂಬ ದೊಡ್ಡ ಪ್ರಭೇದವನ್ನು ದಕ್ಷಿಣ ಭಾರತದ ಮಾದರಿಗಳಿಂದ ಕೆ. ನಟರಾಜನ್ 1979ರಲ್ಲಿ ವಿವರಿಸಿ, ರೋಜೆ ಹೈಮ್ ಅವರ ಹೆಸರಿಟ್ಟರು. ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್ ಅತಿ ಚಿಕ್ಕದು. ಗೆದ್ದಲುಗಳು ಹಟ್ಟಿನ ಚೂರುಗಳನ್ನು ನೆಲದ ಮೇಲಕ್ಕೆ ತಂದು ಹರಡಿದಾಗ ಇದು ಅಕ್ಕಿ ಚೆಲ್ಲಿದಂತೆ ನೂರಾರು ಸಂಖ್ಯೆಯಲ್ಲಿ ಏಳುತ್ತದೆ; ಇದಕ್ಕೆ ಉದ್ದನೆಯ ಬೇರಿಲ್ಲ. ಆಫ್ರಿಕಾದ ಜಾಂಬಿಯಾದಲ್ಲಿ ಬೆಳೆಯುವ ಟರ್ಮಿಟೊಮೈಸಿಸ್ ಟೈಟಾನಿಕಸ್‌ನ ಕೊಡೆ ಸುಮಾರು 1 ಮೀಟರ್ ಅಗಲವಾಗಬಲ್ಲದು.

ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳು ಕೊಡಗಿನ ಮಲೆನಾಡಿಗೂ ಮೈಸೂರಿನ ಬಯಲಿಗೂ ನಡುವೆ ಇವೆ. ಹುಣಸೂರು ಮತ್ತು ಕೋಟೆ ಸೀಮೆಗೆ ನಾಗರಹೊಳೆಯ ಕಾಡು ತಾಗಿಕೊಂಡಿದೆ. ಕೃಷ್ಣರಾಜನಗರದ ಕಡೆ ಕಾವೇರಿ ನಾಲೆಗಳ ಭತ್ತದ ಬಯಲಿದೆ. ಮುಂಗಾರಿನ ಮಳೆ ಹದವಾಗಿ ಬಿದ್ದು ಬಿಸಿಲು ಕಾಣಿಸಿದಾಗ ಕಾಡಂಚು, ಬೀಳು ನೆಲ, ಹೊಲದ ಬದು, ತೋಪುಗಳಲ್ಲಿ ಅಣಬೆ ಹುಡುಕುವುದು ಹಳ್ಳಿಗರ ರೂಢಿ. ಹುತ್ತವು ಹಲವು ವರ್ಷ ಬಾಳುವುದರಿಂದ ಅಣಬೆಯೂ ಅದೇ ಜಾಗದಲ್ಲಿ ಮತ್ತೆ ಮತ್ತೆ ಏಳುತ್ತದೆ. ಆದ್ದರಿಂದ ಜಾಗ ಮತ್ತು ಕಾಲದ ಅರಿವೇ ಸಂಗ್ರಹಿಸುವವರ ಬಂಡವಾಳ.

ಜೇನುಕುರುಬ, ಬೆಟ್ಟಕುರುಬ, ಯರವ ಮತ್ತು ಸೋಲಿಗ ಸಮುದಾಯಗಳು ಈ ಭಾಗದ ಕಾಡನ್ನು ಆಧರಿಸಿ ಬದುಕಿದವು. ಜೇನು, ಗೆಡ್ಡೆಗೆಣಸು, ಸೊಪ್ಪುಗಳಂತೆ ಅಣಬೆಯೂ ಕಾಡಿನ ಆಹಾರದ ಭಾಗ. ನಾಗರಹೊಳೆ 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡಿನೊಳಗಿನ ಹಾಡಿಗಳ ಹಲವು ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರ ಮೊದಲಾದೆಡೆ ಪುನರ್ವಸತಿ ಕಲ್ಪಿಸಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯು ಕಿರು ಅರಣ್ಯ ಉತ್ಪನ್ನಗಳ ಮೇಲೆ ಅರಣ್ಯವಾಸಿಗಳ ಹಕ್ಕನ್ನು ಮಾನ್ಯ ಮಾಡುತ್ತದೆ. ಜೇನು, ಬಿದಿರು, ಬೇರು, ಗೆಡ್ಡೆಗಳನ್ನು ಹೆಸರಿಸುವ ಅದರ ಪಟ್ಟಿಯಲ್ಲಿ ಅಣಬೆಯ ಹೆಸರಿಲ್ಲ.

ಅಡುಗೆಯಲ್ಲಿ

ಪೂರ್ಣ ಅರಳದ ಎಳೆಯ ಅಣಬೆಗೆ ರುಚಿ ಹೆಚ್ಚು. ಬುಡದ ಮಣ್ಣನ್ನು ಹೆರೆದು, ಹಲವು ನೀರಿನಲ್ಲಿ ತೊಳೆದು, ಕಿತ್ತ ದಿನವೇ ಬೇಯಿಸುತ್ತಾರೆ. ಇದು ಬೇಗ ಕೊಳೆಯುವ ಪದಾರ್ಥ. ಈರುಳ್ಳಿ, ಬೆಳ್ಳುಳ್ಳಿ, ಕೊತ್ತಂಬರಿ, ಕಾಯಿ, ಮೆಣಸಿನಕಾಯಿಗಳ ಮಸಾಲೆ ರುಬ್ಬಿ ಮಾಡಿದ ಅಣಬೆ ಸಾರು ರಾಗಿಮುದ್ದೆಗೆ ಹೊಂದುತ್ತದೆ. ಪಲ್ಯ, ಹುರುಕಲುಗಳನ್ನೂ ಮಾಡುತ್ತಾರೆ.

ಟ್ರಫಲ್‌ನೊಂದಿಗೆ ಹೋಲಿಕೆ

ಟ್ರಫಲ್ ಟ್ಯೂಬರ್ ಕುಲದ ಶಿಲೀಂಧ್ರ. ಅದು ಓಕ್, ಹೇಸಲ್ ಮುಂತಾದ ಮರಗಳ ಬೇರಿನೊಡನೆ ಸಹಜೀವನ ನಡೆಸುತ್ತದೆ ಮತ್ತು ನೆಲದಡಿಯಲ್ಲಿಯೇ ಬಲಿಯುತ್ತದೆ. ಅದರ ಪರಿಮಳವನ್ನು ಹಿಡಿಯುವ ತರಬೇತಾದ ನಾಯಿಗಳಿಂದ ಹುಡುಕಿಸುತ್ತಾರೆ. ಫ್ರಾನ್ಸಿನ ಕಪ್ಪು ಟ್ರಫಲ್ ಮತ್ತು ಇಟಲಿಯ ಬಿಳಿ ಟ್ರಫಲ್ ಹೆಸರಾದವು. ಭಾರತದಲ್ಲಿ ಹಿಮಾಲಯದ ಮಸ್ಸೂರಿಯಿಂದ ದೊರೆತ ಟ್ಯೂಬರ್ ಇಂಡಿಕಮ್ ಅನ್ನು 1892ರಲ್ಲಿ ವಿವರಿಸಲಾಯಿತು. ಕರ್ನಾಟಕದಲ್ಲಿ ರೂಪದಲ್ಲಿ ಟ್ರಫಲ್‌ಗೆ ಹತ್ತಿರವಾದುದು ಕರಾವಳಿಯ ಮುರಕಲ್ಲಿನ ನೆಲದಲ್ಲಿ ದೊರೆಯುವ ದುಂಡನೆಯ ಕಲ್ಲಣಬೆ. ಅದು ಆಸ್ಟ್ರೇಯಸ್ ಕುಲದ್ದು. ಟ್ರಫಲ್‌ಗೆ ಹತ್ತಿರದ ಸಂಬಂಧಿಯಲ್ಲ.

ಕಪ್ಪು ಟ್ರಫಲ್ ಅನ್ನು ಶಿಲೀಂಧ್ರ ಸೇರಿಸಿದ ಸಸಿಗಳನ್ನು ನೆಟ್ಟು ಬೆಳೆಸಲು ಸಾಧ್ಯವಾಗಿದೆ. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೀಜ ಪೂರೈಸುವ ಚಿಪ್ಪಣಬೆಯಂತಹವು ಹುಲ್ಲಿನ ಮೇಲೆಯೇ ಬೆಳೆಯುತ್ತವೆ. ಹುತ್ತದ ಅಣಬೆಯ ವಾಣಿಜ್ಯ ಕೃಷಿ ಮಾತ್ರ ಕೈಗೂಡಿಲ್ಲ. ಗೆದ್ದಲು ಇದ್ದರೆ ಮಾತ್ರ ಈ ಅಣಬೆ ಉಂಟು.

ವಿಷಕಾರಿ ಅಣಬೆಗಳು

ಹುತ್ತದ ಅಣಬೆಯನ್ನು ಹೋಲುವ ವಿಷದ ಅಣಬೆಗಳಿವೆ. ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್ ಹುಲ್ಲುನೆಲದಲ್ಲಿ ಏಳುತ್ತದೆ. ಅದರ ಕಿವಿರುಗಳು ಎಳೆಯದರಲ್ಲಿ ಬೆಳ್ಳಗಿದ್ದು, ಬಲಿತಾಗ ಹಸಿರಾಗುತ್ತವೆ. ತಿಂದ ಕೆಲವೇ ಗಂಟೆಗಳಲ್ಲಿ ತೀವ್ರ ವಾಂತಿ, ಭೇದಿ ಉಂಟಾಗುತ್ತವೆ. ಅಮಾನಿಟಾ ಕುಲದ ಕೆಲವು ಅಣಬೆಗಳು ಪ್ರಾಣಾಂತಿಕ. ಅವುಗಳ ವಿಷದ ಲಕ್ಷಣಗಳು 6ರಿಂದ 24 ಗಂಟೆಗಳ ನಂತರವಷ್ಟೇ ಕಾಣಿಸಿಕೊಳ್ಳುತ್ತವೆ. ನಡುವೆ ಗುಣವಾದಂತೆ ತೋರಿದರೂ ಯಕೃತ್ತು ಹಾಳಾಗುತ್ತಿರುತ್ತದೆ. ಈ ವಿಷ ಬೇಯಿಸಿದರೂ ಹೋಗುವುದಿಲ್ಲ.

ಬೆಳ್ಳಿಯ ನಾಣ್ಯ, ಬೆಳ್ಳುಳ್ಳಿ ಅಥವಾ ಅರಿಶಿನ ಹಾಕಿ ಬಣ್ಣ ನೋಡುವುದು, ಹುಳು ತಿಂದಿದ್ದರೆ ಒಳ್ಳೆಯದೆಂದು ನಂಬುವುದು ಇವಾವುವೂ ವಿಶ್ವಾಸಾರ್ಹ ಪರೀಕ್ಷೆಗಳಲ್ಲ. ಚಿತ್ರ ಅಥವಾ ಬರಹವನ್ನು ಮಾತ್ರ ನೋಡಿ ಕಾಡಣಬೆ ತಿನ್ನುವುದು ಅಪಾಯಕರ. ಅಣಬೆ ತಿಂದ ಬಳಿಕ ಅಸ್ವಸ್ಥರಾದವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸಿ, ಉಳಿದ ಅಣಬೆಯನ್ನೂ ವೈದ್ಯರಿಗೆ ತೋರಿಸಬೇಕು.

ಸಂರಕ್ಷಣೆ

ಗೆದ್ದಲನ್ನು ರೈತರು ಪೀಡೆಯೆಂದು ಎಣಿಸುವುದು ಸಹಜ. ಅದು ಬೆಳೆಯನ್ನೂ ಮರಮುಟ್ಟನ್ನೂ ತಿನ್ನುತ್ತದೆ. ಆದರೆ ಹುತ್ತವನ್ನು ನೆಲಸಮ ಮಾಡಿದರೆ ಅಥವಾ ಕ್ಲೋರ್‌ಪೈರಿಫಾಸ್‌ನಂತಹ ಕೀಟನಾಶಕ ಸುರಿದರೆ ಅಣಬೆಯ ಮೂಲವೇ ಇಲ್ಲವಾಗುತ್ತದೆ. ವಿಷ ಸುರಿದ ನೆಲದ ಅಣಬೆ ತಿನ್ನಲೂ ಯೋಗ್ಯವಲ್ಲ. ಈ ನಾಲ್ಕೂ ತಾಲ್ಲೂಕುಗಳು ಹೊಗೆಸೊಪ್ಪಿನ ಬೆಳೆಗೆ ಹೆಸರಾದವು. ಸೊಪ್ಪನ್ನು ಹದಮಾಡುವ ಬ್ಯಾರನ್‌ಗಳಿಗೆ ಅಪಾರ ಸೌದೆ ಬೇಕು. ಮರ ಮತ್ತು ಒಣಕಟ್ಟಿಗೆ ಖಾಲಿಯಾದ ಕಡೆ ಗೆದ್ದಲಿನ ಮೇವೂ ಕಡಿಮೆಯಾಗುತ್ತದೆ. ಇನ್ನೊಂದೆಡೆ, ಹುತ್ತವನ್ನು ನಾಗನ ನೆಲೆಯೆಂದು ಪೂಜಿಸುವ ಸಂಪ್ರದಾಯವು ಎಷ್ಟೋ ಹುತ್ತಗಳನ್ನು ಗುದ್ದಲಿಯಿಂದ ಉಳಿಸಿದೆ.

ಕೀಳುವ ಕ್ರಮವೂ ಮುಖ್ಯ. ಹುತ್ತವನ್ನು ಅಗೆದರೆ ಹಟ್ಟುಗಳು ಹಾಳಾಗುತ್ತವೆ. ಎಲ್ಲವನ್ನೂ ಮೊಗ್ಗಿನಲ್ಲೇ ಕಿತ್ತರೆ ಬೀಜಕಗಳು ಉದುರಲು ಅವಕಾಶವಿರುವುದಿಲ್ಲ. ಪ್ರತಿ ಹುತ್ತದಲ್ಲಿ ಕೆಲವನ್ನಾದರೂ ಅರಳಲು ಬಿಟ್ಟರೆ ಹೊಸ ಗೆದ್ದಲುಗಳಿಗೆ ಬೀಜಕ ದೊರೆತು, ಮುಂದಿನ ಹುತ್ತಗಳಲ್ಲೂ ಅಣಬೆ ಏಳುವುದು ಸಾಧ್ಯವಾಗುತ್ತದೆ.